ಎಲ್ಲಾ ಚಲೋ ಐತಿ, ಪ್ರಾರ್ಥನಾ ಮಾಡ್ರಿ

ಬುಧವಾರ ಸಂಜೆ ನಮ್ಮ ಕ್ರೈಸ್ತ ಸಭೆಯವರು ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಕೂಡುವುದು ರೂಢಿ. ಹಾಡು ಮುಗಿದ ಮೇಲೆ, ವಾಕ್ಯ ಓದುವ ಮೊದಲು, ಯಾರ ಸಲುವಾಗಿ ಏನು ಬೇಡಬೇಕೆಂದು ಒಬ್ಬೊಬ್ಬರನ್ನೇ ಕೇಳುತ್ತೇವೆ. ಒಬ್ಬಾಕೆ ಮೊಣಕಾಲು ನೋವು ಎನ್ನುತ್ತಾಳೆ. ಇನ್ನೊಬ್ಬರದು ಮಗನ ನೌಕರಿ, ಮತ್ತೊಬ್ಬರದು ಸಿಂದಗಿಯಲ್ಲಿರುವ ಅಳಿಯನ ಸಿಟ್ಟು. ಎಲ್ಲರದೂ ಮುಗಿದ ಮೇಲೆ, ಗೋಡೆಗೆ ಒರಗದೆ ನೆಟ್ಟಗೆ ಕುಳಿತಿರುತ್ತಿದ್ದ ಒಬ್ಬರು ಎದ್ದು ನಿಲ್ಲುತ್ತಿದ್ದರು.

"ನಮ್ಮ ಮನ್ಯಾಗ ಎಲ್ಲಾ ಚಲೋ ಐತ್ರಿ. ಕೈತುಂಬ ಕೆಲಸ ಐತಿ, ಮಗಳು ಆರಾಮ ಅದಾಳ, ಮೈಯಾಗ ಜಡ್ಡಿಲ್ಲ. ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ."

ಹೊಸಬರಿಗೆ ಇದು ಗಮ್ಮತ್ತಾಗಿ ಕಾಣುತ್ತಿತ್ತು. ಒಮ್ಮೆ ಒಬ್ಬ ಮುದುಕಿ ಕೇಳಿಯೇ ಬಿಟ್ಟಳು. "ಎಲ್ಲಾ ಚಲೋ ಇದ್ದ ಮ್ಯಾಲ ದೇವರಿಗೆ ಏನಂತ ಬೇಡೂದೋ ತಮ್ಮಾ?"

"ಎಚ್ಚರ ಇರಲಿ ಅಂತ ಬೇಡಬೇ. ಕಷ್ಟದಾಗ ಎಚ್ಚರ ತಾನ ಇರ್ತೈತಿ. ಈಗ ಇರೂದಿಲ್ಲ."

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ, ಮತ್ತು ಅವರಿಗೆ ಸೇರದ್ದನ್ನು ನಾನು ಒಮ್ಮೆ ಮಾಡಿ ಸಾಕಷ್ಟು ಅನುಭವಿಸಿದ್ದೇನೆ. ಊರಿಗೆಲ್ಲ ಅವರು ಮಿಸ್ತ್ರಿ, ನಮಗೆ ಮಿಸ್ತ್ರಿ ಕಾಕಾ. ಇಂಡಿಯಲ್ಲಿ ಸಿಂದಗಿ ರಸ್ತೆಯ ಮೇಲೆ ಅವರದು ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ನಿಂಬೆ, ದ್ರಾಕ್ಷಿ ತೋಟಗಳು ಹೆಚ್ಚಾದವು, ಬೋರುಗಳು ಹೆಚ್ಚಾದವು, ಮೋಟಾರುಗಳೂ ಹೆಚ್ಚಾದವು. ಮಿಸ್ತ್ರಿಯ ಅಂಗಡಿ ಮುಂದೆ ಟಂಟಂ ಗಾಡಿಗಳಿಂದ ಮೋಟಾರು ಇಳಿಸುವ ಸಪ್ಪಳ ಬೆಳಗಿನಿಂದ ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಅವರು ತೀರಿಹೋಗಿ ಕೆಲವು ವರ್ಷಗಳಾದರೂ ಸುತ್ತಿದ ತಂತಿಗೆ ಹಚ್ಚುವ ವಾರ್ನಿಷ್ ವಾಸನೆ ಬಂದರೆ ನನಗೆ ಮೊದಲು ಅವರೇ ನೆನಪಾಗುತ್ತಾರೆ.

ಅವರ ಧರ್ಮೋಪದೇಶವೆಲ್ಲ ಮೋಟಾರಿನದೇ. ಆಗ ರೈತರು ಆಟೋ ಸ್ವಿಚ್ ಹಾಕಿಸುವುದು ಶುರುವಾಗಿತ್ತು. ಕರೆಂಟು ಯಾವಾಗ ಬಂದರೂ ಮೋಟಾರು ತಾನೇ ಚಾಲೂ ಆಗುತ್ತದೆ, ಕಾಯುವ ಕೆಲಸವಿಲ್ಲ. ಆದರೆ ಬೋರಿನಲ್ಲಿ ನೀರು ತಳ ಕಂಡರೂ ಅದು ತಿರುಗುತ್ತಲೇ ಇರುತ್ತದೆ, ಒಣಗಿ ಕಾಯುತ್ತದೆ, ಸುಡುತ್ತದೆ. ಮಿಸ್ತ್ರಿ ಸುಟ್ಟ ತಂತಿಯ ಉಂಡೆಯನ್ನು ರೈತನ ಕೈಗೆ ಕೊಟ್ಟು ಹೇಳುತ್ತಿದ್ದರು. "ಕೈಯಿಂದ ಚಾಲೂ ಮಾಡಿ ಬಾಜೂಕ ನಿಂತಾವ್ರದು ನನ್ನ ಕಡೆ ಬರೂದ ಕಡಿಮಿ. ಆಟೋಕ್ಕ ಹಾಕಿ ಮಲಗಿದಾವ್ರದ ಬರ್ತಾವು." ರೈತ ಮುಖ ಸಣ್ಣಗೆ ಮಾಡಿಕೊಂಡು ನಿಲ್ಲುತ್ತಿದ್ದ. ಗಿರಾಕಿಯನ್ನು ಹೀಗೆ ಬೈದು ಕಳಿಸುವ ಅಂಗಡಿಕಾರನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ಮಾತನ್ನು ಸಭೆಯಲ್ಲೂ ಆಡುತ್ತಿದ್ದರು. ನಮ್ಮದು ಮೂವತ್ತು ಮನೆಗಳ ಚಿಕ್ಕ ಸಭೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ನಾಲ್ಕಕ್ಕೂ ಒಬ್ಬರೇ ಪಾದ್ರಿ ಅಯ್ಯನವರು. ಅವರು ಬಸ್ಸು ಹತ್ತಿ ಇಳಿದು ನಮ್ಮಲ್ಲಿಗೆ ತಲುಪುವುದು ತಿಂಗಳಿಗೊಮ್ಮೆ, ಆ ಭಾನುವಾರವೇ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿಯ ತುಣುಕು, ದ್ರಾಕ್ಷಿರಸ ಹಂಚಿಕೊಳ್ಳುವ ಆರಾಧನೆ. ನಮ್ಮ ಗುಡಿಗೆ ತಗಡು ಹೋಗಿ ಗಚ್ಚಿನ ಛಾವಣಿ ಬಂತು, ಚಾಪೆ ಹೋಗಿ ಕುರ್ಚಿ ಬಂದವು, ಮೇಲೆ ನಾಲ್ಕು ಫ್ಯಾನು. ಫ್ಯಾನುಗಳನ್ನು ಪುಕ್ಕಟೆ ಕೂಡಿಸಿದವರು ಮಿಸ್ತ್ರಿಯೇ, ಅವುಗಳ ಕೆಳಗೆ ಕೂರದವರೂ ಅವರೊಬ್ಬರೇ. "ಗಾಳಿ ಹತ್ತಿದ್ರ ನಂಗ ನಿದ್ದಿ ಬರ್ತೈತಿ" ಎಂದು ಬಾಗಿಲ ಬಳಿಯ ಸೆಕೆಯಲ್ಲಿ ಕುಳಿತು, ಕಣ್ಣು ಮುಚ್ಚಿದವರನ್ನೆಲ್ಲ ಹಿಂದಿನಿಂದ ಬೆರಳಲ್ಲಿ ತಿವಿಯುತ್ತಿದ್ದರು. ಹಾಡುವಾಗ ಮಾತ್ರ ಅವರನ್ನು ಯಾರಾದರೂ ತಿವಿಯಬೇಕಿತ್ತು. ಶ್ರುತಿ ಎಂಬುದು ಅವರ ಹತ್ತಿರ ಸುಳಿದದ್ದೇ ಇಲ್ಲ.

ಅವರ ಇನ್ನೊಂದು ಪದ್ಧತಿ ಉಪವಾಸದ್ದು. ನಾವೆಲ್ಲ ಸಂಕಟ ಬಂದಾಗ ಉಪವಾಸ ಮಾಡುವವರು. ಆಪರೇಷನ್ ಇದ್ದರೆ, ಪರೀಕ್ಷೆ ಇದ್ದರೆ, ಕೋರ್ಟಿನ ತಾರೀಖು ಇದ್ದರೆ ಒಂದು ಹೊತ್ತು ಊಟ ಬಿಡುತ್ತೇವೆ. ಇವರು ತಿರುಗಾಮುರುಗಾ. ನಿಂಬೆಗೆ ಒಳ್ಳೆಯ ರೇಟು ಸಿಕ್ಕು ಊರೆಲ್ಲ ಹಿಗ್ಗಿದ ವಾರ, ಅಂಗಡಿ ಕೆಲಸ ಬಿಡುವಿಲ್ಲದಷ್ಟು ಬಂದ ವಾರ, ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚದೆ ಗುಡಿಗೆ ಬಂದು ಒಂದು ತಾಸು ಮೊಣಕಾಲೂರುತ್ತಿದ್ದರು. ಇದು ನನಗೆ ಅತಿ ಎನಿಸಿ ಛೇಡಿಸಿದೆ.

"ಜಡ್ಡಿದ್ದಾಗ ಹೊಟ್ಟಿ ತಾನ ಉಪವಾಸ ಬೀಳ್ತೈತಿ ಮಾಸ್ತರ್ರ. ಅದರಾಗ ನಮ್ಮದೇನ್ ಐತಿ?" ಎಂದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ, ಸಭೆಯ ಕಾರ್ಯದರ್ಶಿ. ಎರಡೂ ಕಡೆ ಮಾತಿಗೆ ಮಾತು ಕೊಡುವುದು ನನ್ನ ಚಾಳಿ. ಅವರೆದುರು ಮಾತ್ರ ಅದು ನಡೆಯುತ್ತಿರಲಿಲ್ಲ.

ಅವರು ಕುಡಿತ ಬಿಟ್ಟವರು. ಇದು ಸಭೆಯ ಹಿರಿಯರಿಗೆಲ್ಲ ಗೊತ್ತಿದ್ದ ಸಂಗತಿ, ಹೊಸ ತಲೆಮಾರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಎಂಟು ವರ್ಷ ಕುಡಿದಿದ್ದರು. ನಾನು ತಿಳಿದದ್ದು ಯಾವುದೋ ದುಃಖಕ್ಕೆ ಕುಡಿದಿರಬೇಕೆಂದು. ಒಮ್ಮೆ ಹಾಗೆಂದದ್ದಕ್ಕೆ ನಕ್ಕರು. "ದುಃಖ ಎಲ್ಲಿದ್ರಿ? ಹಸದಾಗ ಒಂದು ಹನಿ ಮುಟ್ಟಿಲ್ಲ. ಕೈಗೆ ಹೆಸರು ಬಂತು, ಎಲ್ಲಿ ಹೋದ್ರೂ ಮಿಸ್ತ್ರಿ ಬರ್ರಿ, ಮಿಸ್ತ್ರಿ ಕುಂದರ್ರಿ ಅಂದ್ರು. ಮೋಟಾರ್ ಚಾಲೂ ಆದ ಖುಷಿಗೆ ತೋಟದಾಗ ಒಂದೀಟು ಕೊಟ್ರು. ಖುಷಿಯಾಗೇ ಕಲತೇನಿ."

ಬಿಟ್ಟು ಹದಿನೆಂಟು ವರ್ಷವಾದರೂ ಅವರು ಮನೆಯಿಂದ ಅಂಗಡಿಗೆ ನೆಟ್ಟಗಿನ ದಾರಿಯಲ್ಲಿ ಹೋಗುತ್ತಿರಲಿಲ್ಲ. ಆ ದಾರಿಯಲ್ಲಿ ಸೆರೆಯ ಅಂಗಡಿ ಇತ್ತು. ಬಸ್ ಸ್ಟ್ಯಾಂಡ್ ಸುತ್ತುಹಾಕಿ ಸೈಕಲ್ ತುಳಿದುಕೊಂಡು ಬರುವರು. ಪಕ್ಕದ ವೆಲ್ಡಿಂಗ್ ಅಂಗಡಿಯ ಸಾಹೇಬರು ದಿನಾ ಕೇಳುತ್ತಿದ್ದರಂತೆ, ಊರ ಪ್ರದಕ್ಷಿಣೆ ಮುಗೀತೇನ್ರಿ ಮಿಸ್ತ್ರಿ ಎಂದು. ನಾನೂ ಕೇಳಿದೆ.

"ಹದಿನೆಂಟು ವರ್ಷ ಆತಲ್ಲ ಕಾಕಾ, ಇನ್ನೂ ಅಂಜಿಕೀನ?"

"ಅಂಗಡಿ ಇನ್ನೂ ಅಲ್ಲೇ ಐತಲ್ರಿ. ಅದು ಕಿತ್ತುಕೊಂಡು ಹೋದ ದಿನ ನೋಡೂಣು."

ಇಂಥ ಮನುಷ್ಯ ಕರ್ತನ ಭೋಜನಕ್ಕೆ ದ್ರಾಕ್ಷಿರಸ ಮಾಡುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಶನಿವಾರ ಸಂಜೆ ಗುಡಿಯ ಹಿಂದಿನ ಕೋಣೆಯಲ್ಲಿ ಸ್ಟೋವ್ ಹಚ್ಚಿ, ಒಣದ್ರಾಕ್ಷಿ ಚೆನ್ನಾಗಿ ಕುದಿಸಿ, ಹಿಸುಕಿ, ತೊಳೆದ ಬಿಳಿ ಬಟ್ಟೆಯಲ್ಲಿ ಸೋಸಿ ಇಡುವರು. ಭಾನುವಾರ ಉಳಿದದ್ದನ್ನು ಅಂಗಳದ ನಿಂಬೆಗಿಡದ ಬುಡಕ್ಕೆ ಸುರಿದೇ ಮನೆಗೆ ಹೋಗುವರು. ನಿಮಗೇ ಯಾಕೆ ಈ ಕೆಲಸ ಎಂದರೆ, ಅದು ಏನಾಗಬಹುದು ಅನ್ನುವುದು ಗೊತ್ತಿದ್ದವನೇ ಮಾಡಬೇಕು ಎನ್ನುತ್ತಿದ್ದರು.

ಎರಡು ಸಾವಿರದ ಆಸುಪಾಸು ಅವರ ಮನೆಯಲ್ಲಿ ನಿಜಕ್ಕೂ ಎಲ್ಲಾ ಚಲೋ ಇತ್ತು. ಹೊಸ ಮನೆ ಕಟ್ಟಿದ್ದರು. ಒಬ್ಬಳೇ ಮಗಳು ನರ್ಸಿಂಗ್ ಮುಗಿಸಿ ಊರಲ್ಲೇ ಕೆಲಸಕ್ಕೆ ಸೇರಿದ್ದಳು. ಅವಳಿಗೊಂದು ಸಂಬಂಧ ತಂದವನು ನಾನು. ಬಸವನ ಬಾಗೇವಾಡಿಯ ಹೆಡ್‌ಮಾಸ್ತರರೊಬ್ಬರು ನನ್ನ ಜೊತೆ ಟ್ರೇನಿಂಗ್ ಕಾಲೇಜಿನಲ್ಲಿ ಇದ್ದವರು. ಅವರ ಮಗ ಮುದ್ದೇಬಿಹಾಳದಲ್ಲಿ ಔಷಧದ ಅಂಗಡಿ ಇಟ್ಟಿದ್ದ. ಒಳ್ಳೆಯ ಹುಡುಗ, ಹುಡುಗಿಗೂ ಮನಸ್ಸಿಗೆ ಬಂದಿದ್ದ. ಹೆಡ್‌ಮಾಸ್ತರರದು ಭಾರೀ ಶಿಸ್ತಿನ ಮನೆತನ. ಕೊಡುವ ತೆಗೆದುಕೊಳ್ಳುವ ಮಾತೇ ಎತ್ತಲಿಲ್ಲ. ನಮ್ಮ ಮನೆಗೆ ಬಂದು ಮಾತಿಗೆ ಕುಳಿತ ದಿನ ಒಂದೇ ಪ್ರಶ್ನೆ ಕೇಳಿದರು.

"ಕುಡಿಯೂ ಮನಿ ಅಲ್ಲಲ್ಲ?"

ಮಿಸ್ತ್ರಿ ನನ್ನ ಪಕ್ಕದಲ್ಲಿದ್ದರು, ಬಾಯಿ ತೆರೆದರು. ನಾನು ಅವರ ತೊಡೆಯ ಮೇಲೆ ಕೈ ಒತ್ತಿ, "ಛೇ ಛೇ, ಇವರ ಮನ್ಯಾಗ ಅದರ ಹೆಸರೂ ಎತ್ತೂದಿಲ್ರಿ" ಎಂದೆ. ಸುಳ್ಳೇನಲ್ಲವಲ್ಲ. ಹೊರಗೆ ಬಂದ ಮೇಲೆ ಅವರು, "ಹೇಳಿಬಿಡೂಣ್ರಿ ಮಾಸ್ತರ್ರ" ಎಂದರು. "ಹದಿನೆಂಟು ವರ್ಷದ ಹಿಂದಿನ ಹೊಲಸು ಈಗ ಯಾಕ ಕೆದರ್ತೀರಿ? ಹುಡುಗಿ ನಶೀಬ ನೋಡ್ರಿ" ಎಂದೆ. ಅವರು ಸೈಕಲ್ಲಿನ ಸ್ಟ್ಯಾಂಡ್ ತೆಗೆದರು. ಆಮೇಲೆ ಆಗಲಿ ಎಂದರು. ಅವರು ನನ್ನ ಮಾತಿಗೆ ಒಪ್ಪಿದ್ದು ಅದೇ ಮೊದಲು. ಗೆದ್ದೆ ಎಂದು ನನಗೆ ಒಳಗೊಳಗೇ ಹಿಗ್ಗು.

ಈಸ್ಟರ್ ಬಂತು. ಬೀಗರಾಗುವವರು ಆರಾಧನೆಗೆ ನಮ್ಮಲ್ಲಿಗೇ ಬರುವುದು, ಊಟ ಮಾಡಿ ತಾರೀಖು ಗೊತ್ತುಮಾಡುವುದು ಎಂದಾಯಿತು. ಮಿಸ್ತ್ರಿಯ ಮನೆಯಲ್ಲಿ ಸುಣ್ಣಬಣ್ಣ, ಸಂತೆ, ಓಡಾಟ. ಈ ಸಲ ದ್ರಾಕ್ಷಿರಸದ ಕೆಲಸ ನನಗೆ ಬಿಡಿ ಎಂದೆ. ಅವರು ಎರಡು ಸಲ ಬೇಡ ಎಂದು, ಮೂರನೆಯ ಸಲ ಬಿಟ್ಟರು. "ಶನಿವಾರಾನೇ ಮಾಡ್ರಿ, ಕುದಿಸೇ ಮಾಡ್ರಿ" ಎಂದು ಹೇಳಿಯೂ ಹೇಳಿದರು.

ನಾನು ಶಾಣ್ಯಾ. ತೋಟದಿಂದ ತಾಜಾ ದ್ರಾಕ್ಷಿ ಬಂದಿರುವಾಗ ಒಣದ್ರಾಕ್ಷಿ ಯಾಕೆ ಕುದಿಸಬೇಕು? ಎಂಟು ದಿನ ಮೊದಲೇ ಹಣ್ಣು ಹಿಂಡಿ, ರುಚಿಗೆಂದು ಸಕ್ಕರೆ ಸುರಿದು, ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ಗುಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಬಿಟ್ಟೆ. ಏಪ್ರಿಲ್ ತಿಂಗಳು. ನಮ್ಮ ಕಡೆ ಏಪ್ರಿಲ್ ಅಂದರೆ ಹಾಕಿದ ಚಪ್ಪಲಿ ಕೂಡ ಕಾಲು ಸುಡುತ್ತದೆ. ಸಕ್ಕರೆ, ಸೆಕೆ, ಹಣ್ಣಿನ ರಸ, ಮೂರೂ ಸೇರಿದರೆ ಏನಾಗುತ್ತದೆ ಎಂಬ ಪಾಠವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಕ್ಯಾನಿನ ಮುಚ್ಚಳ ತೆರೆದಾಗ ಬುಸ್ಸೆಂದಿತು. ಬಿಸಿಲಿಗೆ ಹೀಗಾಗಿದೆ ಎಂದುಕೊಂಡು ಸಣ್ಣ ಕಪ್ಪುಗಳಿಗೆ ತುಂಬಿದೆ. ನೆಗಡಿಯಾಗಿ ಮೂಗು ಕಟ್ಟಿತ್ತು ಎಂಬುದು ನನ್ನ ಬಳಿ ಇರುವ ಒಂದೇ ನೆವ.

ನಮ್ಮಲ್ಲಿ ಕಪ್ಪುಗಳ ತಟ್ಟೆ ಸಾಲಿನಿಂದ ಸಾಲಿಗೆ ಬರುತ್ತದೆ. ಎಲ್ಲರ ಕೈಗೂ ಸಿಕ್ಕ ಮೇಲೆ ಅಯ್ಯನವರು ಹೇಳುತ್ತಾರೆ, ಎಲ್ಲರೂ ಒಟ್ಟಿಗೆ ಕುಡಿಯುತ್ತೇವೆ. ಯಾರಾದರೂ ತೆಗೆದುಕೊಳ್ಳದೆ ಬಿಟ್ಟರೆ ಅವರ ಮನಸ್ಸಿನಲ್ಲಿ ಏನೋ ಪಾಪವಿದೆ, ಯಾರೊಂದಿಗೋ ಜಗಳವಿದೆ ಎಂದು ಉಳಿದವರು ತಿಳಿಯುತ್ತಾರೆ. ಮಿಸ್ತ್ರಿ ಅಂದು ಬೀಗರ ಜೊತೆ ಮುಂದಿನ ಸಾಲಿನಲ್ಲಿದ್ದರು. ಕಪ್ಪು ತೆಗೆದುಕೊಂಡರು. ಅವರ ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ನಾನು ತಟ್ಟೆ ಹಿಡಿದು ಅಲ್ಲೇ ಇದ್ದೆ, ಅವರು ಕಪ್ಪನ್ನು ಮೂಸಿದ್ದು ಕಂಡೆ. ಅವರು ಹಿಂದೆ ತಿರುಗಿ ನೋಡಿದರು. ಮೂರನೆಯ ಸಾಲಿನಲ್ಲಿ ಇಬ್ಬರು ಯುವಕರು ಕಪ್ಪು ಹಿಡಿದು ಕುಳಿತಿದ್ದರು. ಮಿಸ್ತ್ರಿಯೇ ಬೆನ್ನುಹತ್ತಿ ಕುಡಿತ ಬಿಡಿಸಿ ಸಭೆಗೆ ತಂದವರು. ಇಬ್ಬರಿಗೂ ಇನ್ನೂ ವರ್ಷ ತುಂಬಿರಲಿಲ್ಲ.

ಮಿಸ್ತ್ರಿ ಎದ್ದು ನಿಂತರು. "ಯಾರೂ ಕುಡೀಬ್ಯಾಡ್ರಿ. ಇದು ಹುಳಿ ಬಂದು ಸೆರೆ ಆಗೈತಿ."

ಅಷ್ಟಕ್ಕೆ ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಬೀಗರೆದುರು, ಅಯ್ಯನವರೆದುರು ನನ್ನ ಕೆಲಸಕ್ಕೆ ಹೆಸರಿಟ್ಟರಲ್ಲ ಎಂದು ನನಗೆ ಚುರುಕ್ಕೆಂದಿತು.

"ಏನೂ ಆಗಿಲ್ರಿ ಕಾಕಾ, ಬಿಸಲಿಗೆ ಒಂದೀಟು ವಾಸನಿ ಬಂದೈತಿ. ಸೆರೆ ಅಂತ ನಿಮಗ ಹೆಂಗ ಗೊತ್ತು?"

ಕೇಳಿದ ಮೇಲೆ ಏನು ಕೇಳಿದೆನೆಂದು ತಿಳಿಯಿತು. ನಾಲಿಗೆ ಕಚ್ಚಿಕೊಂಡೆ. ಅವರು ನನ್ನನ್ನು ನೋಡಿದರು, ಪಕ್ಕದಲ್ಲಿದ್ದ ಹೆಡ್‌ಮಾಸ್ತರರನ್ನು ನೋಡಿದರು. ಹೆಂಗಸರ ಕಡೆ ಹೊಸ ಸೀರೆಯಲ್ಲಿ ಕುಳಿತ ಮಗಳನ್ನು ನೋಡಿದರು. ಏನಾದರೊಂದು ಹೇಳಿ ತೇಲಿಸಬಹುದಿತ್ತು. ಒಂದು ಗುಟುಕು, ಚಮಚದಷ್ಟೂ ಇರಲಿಲ್ಲ, ಕಣ್ಣು ಮುಚ್ಚಿ ನುಂಗಲೂಬಹುದಿತ್ತು.

"ನಂಗ ಗೊತ್ತಾಗದ ಯಾರಿಗೆ ಗೊತ್ತಾಗಬೇಕ್ರಿ? ಎಂಟು ವರ್ಷ ಕುಡದಾಂವ ನಾ. ಈ ವಾಸನಿ ನಿದ್ದಿಗಣ್ಣಾಗೂ ಹಿಡೀತೇನಿ. ಇದು ಬಾಯಿಗೆ ಬಿದ್ರ ನಾಳಿಂದ ನಾ ಯಾವ ದಾರಿ ಹಿಡೀತೇನಿ ನನಗ ಗೊತ್ತಿಲ್ಲ." ಹೆಡ್‌ಮಾಸ್ತರರ ಕಡೆ ತಿರುಗಿದರು. "ಸರ, ನೀವು ಕೇಳಿದ ದಿನ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪ."

ಕಪ್ಪನ್ನು ನನ್ನ ತಟ್ಟೆಯಲ್ಲಿ ಇಟ್ಟು ಕುಳಿತರು.

ಅಯ್ಯನವರು ಒಂದು ಕಪ್ಪು ಮೂಸಿ ನೋಡಿ, ಎಲ್ಲವನ್ನೂ ವಾಪಸ್ ತೆಗೆದುಕೊಳ್ಳಲು ಹೇಳಿದರು. ನನ್ನ ಹೆಂಡತಿ ಓಡಿಹೋಗಿ ಒಣದ್ರಾಕ್ಷಿ ಕುದಿಸಿದಳು. ಅರ್ಧ ತಾಸು ಇಡೀ ಸಭೆ ಹಾಡು ಹಾಡುತ್ತ ಕಾಯಿತು. ಮೂರನೆಯ ಸಾಲಿನ ಇಬ್ಬರೂ ತಲೆ ಎತ್ತಲಿಲ್ಲ. ಬೀಗರು ಕೊನೆಯವರೆಗೂ ಇದ್ದರು, ಊಟಕ್ಕೆ ಮಾತ್ರ ನಿಲ್ಲದೆ ಬಸ್ಸಿನ ಹೊತ್ತಾಯಿತೆಂದು ಹೊರಟರು.

ಮರುದಿನ ನಾನು ಅಂಗಡಿಗೆ ಹೋದೆ. ಬೈಯಲಿ ಎಂದೇ ಹೋದೆ. ಅವರು ತಂತಿ ಸುತ್ತುತ್ತಿದ್ದವರು ತಲೆ ಎತ್ತಲಿಲ್ಲ. ತಪ್ಪಾತು ಕಾಕಾ ಎಂದೆ.

"ಕಪ್ಪಿಂದು ದೊಡ್ಡ ಮಾತಲ್ಲ ಮಾಸ್ತರ್ರ. ವಾಸನಿ ಬಂತು, ಇಟ್ಟೆ. ನಿಮ್ಮ ಮಾತು ಕೇಳಿ ಅವರ ಮುಂದ ಸುಮ್ಮ ಕುಂತೆನಲ್ಲ, ಅದಕ್ಕ ವಾಸನೀನ ಇರಲಿಲ್ಲ. ಮನಿ ಆತು, ಮಗಳಿಗೆ ಚಲೋ ವರ ಸಿಕ್ತು, ನಂದೂ ಒಂದು ಮರ್ಯಾದಿ ಅಂತ ಆತು. ಅದನ್ನ ಕಳಕೊಳ್ಳಾಕ ಮನಸ್ಸಾಗಲಿಲ್ಲ. ಆವತ್ತ ನಾ ಅರ್ಧಾ ಕುಡದಂಗ ಆಗಿತ್ತು."

ಇಷ್ಟು ವರ್ಷ ಅವರನ್ನು ನೋಡಿಯೂ ನಾನು ಅವರು ಅಂಜಿ ಎಚ್ಚರ ಇರುತ್ತಿದ್ದದ್ದು ಬಾಟಲಿಗೆ ಮಾತ್ರ ಎಂದೇ ತಿಳಿದಿದ್ದೆ. ಅಂದು ನನಗೆ ನನ್ನ ಮೇಲೇ ನಾಚಿಕೆಯಾಯಿತು. ಆ ಮರ್ಯಾದೆಯ ಆಸೆ ತೋರಿಸಿ ಅವರನ್ನು ಸುಮ್ಮನಾಗಿಸಿದವನು ನಾನೇ.

ಮಂಗಳವಾರ ಬಾಗೇವಾಡಿಯಿಂದ ಫೋನು ಬಂತು. ಹೆಡ್‌ಮಾಸ್ತರರು ಸಿಟ್ಟಿನಿಂದ ಮಾತಾಡಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಮನುಷ್ಯ ದೊಡ್ಡವನು, ಆದರೆ ನಮ್ಮ ಮನೆಯಲ್ಲಿ ಹಿರಿಯರು ಒಪ್ಪುತ್ತಿಲ್ಲ ಎಂದರು. ನಾಲ್ಕು ವರ್ಷದ ನಂತರ ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು, ಈಗ ಸುಖವಾಗಿದ್ದಾಳೆ. ಆದರೆ ಆ ಮಂಗಳವಾರ ಅದು ಯಾರಿಗೆ ಗೊತ್ತಿತ್ತು? ಎರಡು ದಿನದಿಂದ ಅವಳು ಅಪ್ಪನೊಂದಿಗೆ ಮಾತಾಡಿಲ್ಲ, ಸರಿಯಾಗಿ ಉಂಡಿಲ್ಲ ಎಂದು ಅವಳ ತಾಯಿ ನನ್ನ ಹೆಂಡತಿಯ ಮುಂದೆ ಅತ್ತಿದ್ದಳು. ಸುದ್ದಿ ಹೇಳಬೇಕಾದವನು ನಾನು. ಹೋದೆ.

ಹುಡುಗಿ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಿಸ್ತ್ರಿ ಬಾಗಿಲಲ್ಲೇ ನನ್ನ ಮುಖ ನೋಡಿ ತಿಳಿದುಕೊಂಡರು. ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಮಗಳ ಎದುರಿಗೆ ನೆಲದ ಮೇಲೆ ಕುಳಿತರು.

"ಯವ್ವಾ, ಬಾಗೇವಾಡಿಯವರು ಒಲ್ಲೆ ಅಂದಾರ. ನಿನ್ನ ಲಗ್ನ ಮುರದಾಂವ ನಾ. ಮಾಸ್ತರ್ರಲ್ಲ, ಅವರೂ ಅಲ್ಲ. ನಾ. ಬೈಯೂದಿದ್ರ ನನ್ನ ಬೈ, ಆದ್ರ ನನ್ನ ಕೂಡ ಮಾತು ಬಿಡಬ್ಯಾಡ."

ಅವಳ ಕೈ ಮೊರದ ಮೇಲೆ ನಿಂತಿತು. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ.

"ಆ ಕಪ್ ಕುಡದಿದ್ರ ಲಗ್ನ ಆಗ್ತಿತ್ತು, ಖರೆ. ನಂಗ ಭಾಳ ಸಿಟ್ಟು ಬಂದಿತ್ತಪ್ಪ. ಈಗೂ ಐತಿ." ಮೊರ ಬದಿಗಿಟ್ಟಳು. "ಆದ್ರ ನಾ ಐದು ವರ್ಷದಾಕಿ ಇದ್ದಾಗಿನ ಅಪ್ಪನೂ ನಂಗ ನೆನಪದಾನ. ಬಾಗಿಲಾ ಸಪ್ಪಳಾದ್ರ ನಿದ್ದಿ ಹತ್ತಿದವರಂಗ ಕಣ್ಣು ಮುಚ್ಚಿ ಮಲಗ್ತಿದ್ದೆ. ನಾಳೆ ಲಗ್ನಾಗಿ ಹಬ್ಬಕ್ಕ ತವರಮನಿಗೆ ಬರೂ ಮುಂದ, ಇವತ್ತ ಬಾಗಿಲಾ ತೆಗಿಯಾಂವ ಯಾವ ಅಪ್ಪ ಅಂತ ದಾರಿ ತುಂಬ ಬಸ್ಸಿನಾಗ ಅಂಜಿಕೋತ ಬರಬೇಕಿತ್ತೇನು?"